ಮೊಡವೆ, ಉಷ್ಣ ಮತ್ತು ಒಂದು ಟ್ಯೂಬು

ಮೊಡವೆ ಬಗ್ಗೆ ಬರೀತೀನಿ ಅಂದಿದ್ದಕ್ಕೆ ನನ್ನ ರೂಮ್‌ಮೇಟ್ ಬಿದ್ದು ಬಿದ್ದು ನಕ್ಕ. "ಅದೆಲ್ಲಾ ಹೆಣ್ಮಕ್ಕಳ ಸಬ್ಜೆಕ್ಟು ಕಣೋ" ಅಂದ. ಅವನ ಗಡ್ಡದ ಕೆಳಗೆ, ಹೆಲ್ಮೆಟ್ ಪಟ್ಟಿ ಉಜ್ಜುವ ಜಾಗದಲ್ಲಿ, ಸಾಲಾಗಿ ಐದು ಮೊಡವೆ ಇದ್ದವು. ನಾನು ಏನೂ ಹೇಳಲಿಲ್ಲ :)

ನಮ್ಮೂರು ಮುರುಗಮಲ್ಲ. ಚಿಂತಾಮಣಿ ತಾಲ್ಲೂಕು. ಮೊದಲು ಕೋಲಾರ ಜಿಲ್ಲೆ ಅಂತಿದ್ವಿ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ಹೊರಗಿನವರಿಗೆ ನಮ್ಮೂರು ಗೊತ್ತಿರೋದು ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದ. ಮುಕ್ತೀಶ್ವರನ ದೇವಸ್ಥಾನವೂ ಇದೆ. ಆಂಧ್ರದ ಗಡಿ ಹತ್ತಿರ ಇರೋದರಿಂದ ಒಂದು ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತೆ. ಹಾಗಾಗಿ ಹತ್ತನೇ ಕ್ಲಾಸಿನಲ್ಲಿ ನನ್ನ ಮುಖದ ಮೇಲೆ ಎದ್ದದ್ದಕ್ಕೂ ಮೂರು ಹೆಸರು. ಶಾಲೆಯಲ್ಲಿ ಮೊಡವೆ, ಅಜ್ಜಿ ಬಾಯಲ್ಲಿ ಮೊಟಿಮೆ, ಪಕ್ಕದ ಮನೆ ಫ್ರೆಂಡ್ ಬಾಯಲ್ಲಿ ಮುಹಾಸೆ. ಹೆಸರು ಮೂರಾದರೂ ಸಿಗ್ತಿದ್ದ ತೀರ್ಪು ಒಂದೇ: "ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ."

ಈ ಉಷ್ಣ ಅನ್ನೋದಿದೆಯಲ್ಲ, ಅದು ನಮ್ಮ ಕಡೆ ಎಲ್ಲಾ ಬೀಗಕ್ಕೂ ಆಗೋ ಬೀಗದ ಕೈ. ಮಾವಿನ ಹಣ್ಣು ತಿಂದರೆ ಉಷ್ಣ, ಕಡಲೆಕಾಯಿ ತಿಂದರೆ ಉಷ್ಣ, ರಾತ್ರಿ ನಿದ್ದೆಗೆಟ್ಟರೆ ಉಷ್ಣ. ಮಾವು, ಕಡಲೆಕಾಯಿ ಎರಡನ್ನೂ ಬೆಳೆಯೋ ಸೀಮೆಯಲ್ಲಿ ಹುಟ್ಟಿ ಎರಡನ್ನೂ ಬಿಡು ಅಂದರೆ ಹುಡುಗರು ಎಲ್ಲಿಗೆ ಹೋಗಬೇಕು?

ಇಂಜಿನಿಯರಿಂಗ್ ಓದುವಾಗ ಒಬ್ಬ ಚರ್ಮದ ಡಾಕ್ಟರು ಹಾಳೆ ಮೇಲೆ ಚಿತ್ರ ಬರೆದು ವಿವರಿಸಿದ ಮೇಲೆ ನನಗೆ ವಿಷಯ ತಿಳೀತು. ಅದನ್ನೇ ನನಗೆ ಬಂದ ಹಾಗೆ ಹೇಳ್ತೀನಿ.

ನಮ್ಮ ಚರ್ಮದಲ್ಲಿ ಪ್ರತಿ ಕೂದಲಿನ ಬುಡಕ್ಕೂ ಒಂದು ಸಣ್ಣ ಕೊಳವೆ ಇದೆ, ಅದಕ್ಕೆ ಅಂಟಿಕೊಂಡು ಒಂದು ಎಣ್ಣೆಯ ಗ್ರಂಥಿ. ಅದು ಸೀಬಮ್ ಅನ್ನೋ ಜಿಡ್ಡು ಮಾಡಿ ಚರ್ಮ ಒಣಗದ ಹಾಗೆ ನೋಡಿಕೊಳ್ಳುತ್ತೆ. ಮುಖ, ಎದೆ, ಬೆನ್ನಿನಲ್ಲಿ ಈ ಗ್ರಂಥಿಗಳು ಹೆಚ್ಚು, ದೊಡ್ಡವೂ ಹೌದು. ಹರೆಯ ಬಂದಾಗ ಗಂಡಿಗೂ ಹೆಣ್ಣಿಗೂ ಆಂಡ್ರೋಜನ್ ಹಾರ್ಮೋನುಗಳು ಏರುತ್ತವೆ, ಗ್ರಂಥಿ ಓವರ್‌ಟೈಮ್ ಶುರು ಮಾಡುತ್ತೆ. ಅದೇ ಹೊತ್ತಿಗೆ ಕೊಳವೆಯ ಒಳಗೋಡೆಯ ಸತ್ತ ಕಣಗಳು ಉದುರಿ ಹೊರಗೆ ಹೋಗೋ ಬದಲು ಒಂದಕ್ಕೊಂದು ಅಂಟಿಕೊಂಡು ಬಾಯಿ ಕಟ್ಟುತ್ತವೆ. ಬಚ್ಚಲ ಪೈಪಿನಲ್ಲಿ ಕೂದಲೂ ಸೋಪೂ ಸೇರಿ ಕಟ್ಟಿಕೊಳ್ಳುತ್ತಲ್ಲ, ಹಾಗೆ.

ಬಾಯಿ ಪೂರ್ತಿ ಮುಚ್ಚಿದರೆ ಬಿಳಿ ಚುಕ್ಕೆ, ತೆರೆದಿದ್ದರೆ ಕಪ್ಪು ಚುಕ್ಕೆ. ಆ ಕಪ್ಪು ಕೊಳೆಯಲ್ಲ! ನಮ್ಮ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ನೇ ಅಲ್ಲೂ ಇರೋದು. ಅದಕ್ಕೇ ಎಷ್ಟು ಉಜ್ಜಿದರೂ ಹೋಗಲ್ಲ. ಇನ್ನು ಕಟ್ಟಿಕೊಂಡ ಜಿಡ್ಡಿನಲ್ಲಿ ಒಂದು ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ. ಮೊದಲು ಅದನ್ನ ಪ್ರೊಪಿಯೋನಿಬ್ಯಾಕ್ಟೀರಿಯಂ ಆಕ್ನೆಸ್ ಅಂತಿದ್ದರು, 2016ರಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅಂತ ಹೆಸರು ಬದಲಾಯಿಸಿದರು. ಅದು ಎಲ್ಲರ ಚರ್ಮದ ಮೇಲೂ ಇರೋ ಜೀವಿ, ಹಾಲಿನಂಥ ಮುಖದವರ ಮೇಲೂ ಇರುತ್ತೆ. ಕೊನೆಗೆ ಕೊಳವೆಯ ಗೋಡೆ ಒಡೆದು ಒಳಗಿನ ಸರಕು ಪಕ್ಕಕ್ಕೆ ಸೋರಿದಾಗ ದೇಹ ದಾಳಿ ಮಾಡುತ್ತೆ. ಕೆಂಪು, ಊತ, ಕೀವು, ನೋವು ಎಲ್ಲಾ ಆ ಯುದ್ಧದ್ದು.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇವತ್ತು ಕನ್ನಡಿಯಲ್ಲಿ ಕಾಣೋ ಮೊಡವೆ ಇವತ್ತಿನದಲ್ಲ. ಅದು ಕಣ್ಣಿಗೆ ಕಾಣದ ಹಾಗೆ ವಾರಗಟ್ಟಲೆ ಹಿಂದೆ ಶುರುವಾದದ್ದು. ಹಾಗಾಗಿ ನಿಜವಾದ ಯಾವ ಔಷಧಿಯೂ ಎಂಟರಿಂದ ಹನ್ನೆರಡು ವಾರ ತಗೊಳ್ಳುತ್ತೆ. ಮೊದಲ ಕೆಲವು ವಾರ ಜಾಸ್ತಿಯಾದಂತೆ ಕಂಡರೂ ಕಾಣಬಹುದು.

ಹಾಗಾದರೆ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ವಾ? ಇದೆ, ಆದರೆ ಅಜ್ಜಿ ಹೇಳಿದ ದಾರಿಯಲ್ಲಲ್ಲ. ಪಪುವಾ ನ್ಯೂಗಿನಿಯ ಕಿಟಾವಾ ಅನ್ನೋ ದ್ವೀಪದಲ್ಲಿ 1200 ಜನರನ್ನ ಪರೀಕ್ಷೆ ಮಾಡಿದ ವರದಿ 2002ರಲ್ಲಿ ಬಂತು. ಹರೆಯದವರೂ ಸೇರಿ ಒಬ್ಬರಿಗೂ ಮೊಡವೆ ಸಿಗಲಿಲ್ಲ. ಅವರ ಊಟ ಗೆಡ್ಡೆ, ಹಣ್ಣು, ಮೀನು, ತೆಂಗಿನಕಾಯಿ. ಸಕ್ಕರೆ, ಮೈದಾ ಹೆಚ್ಚುಕಮ್ಮಿ ಇಲ್ಲ. ಅದು ಅವರ ವಂಶದ ಗುಣವೂ ಇರಬಹುದಲ್ಲ ಅಂತ ಕೇಳಬಹುದು, ನ್ಯಾಯವಾದ ಪ್ರಶ್ನೆ. ಆದರೆ 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಹುಡುಗರ ಮೇಲೆ 12 ವಾರ ಪ್ರಯೋಗ ಮಾಡಿದಾಗ, ರಕ್ತದಲ್ಲಿ ಸಕ್ಕರೆಯನ್ನ ಜೋರಾಗಿ ಏರಿಸದ ಊಟ ಮಾಡಿದವರ ಮೊಡವೆ ಇನ್ನೊಂದು ಗುಂಪಿನವರಿಗಿಂತ ಹೆಚ್ಚು ಕಡಿಮೆಯಾಯ್ತು. ಅಂದರೆ ಸಂಶಯ ಪಡಬೇಕಾದ್ದು ಕಡಲೆಕಾಯಿ ಮೇಲಲ್ಲ, ಬೇಕರಿ ಬನ್ನು ಮತ್ತು ಬಾಟಲಿ ಜ್ಯೂಸಿನ ಮೇಲೆ. ಜಿಮ್ಮಿಗೆ ಹೋಗೋ ನಮ್ಮ ಆಫೀಸಿನ ಹುಡುಗರಿಗೆ ಇನ್ನೊಂದು ಸುದ್ದಿ: ವೇ ಪ್ರೋಟೀನ್ ಪುಡಿಯಿಂದ ಮೊಡವೆ ಎದ್ದ ಪ್ರಕರಣಗಳೂ ದಾಖಲಾಗಿವೆ.

ಹಾಗಂತ ಹಳಬರೆಲ್ಲಾ ದಡ್ಡರು ಅಂತಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಮುಖದೂಷಿಕೆ ಅಂತ ಹೆಸರಿದೆ, ಯೌವನದಲ್ಲಿ ಮುಖದ ಮೇಲೆ ಏಳುತ್ತೆ, ಬೂರುಗದ ಮರದ ಮುಳ್ಳಿನ ಹಾಗಿರುತ್ತೆ ಅಂತ ವರ್ಣನೆ. ಬೂರುಗದ ಕಾಂಡ ನೋಡಿದವರಿಗೆ ಗೊತ್ತು, ಇದಕ್ಕಿಂತ ಕರಾರುವಾಕ್ಕಾದ ಉಪಮೆ ಸಿಗಲ್ಲ.

ನಮ್ಮ ಮನೆಗಳಲ್ಲಿ ಯಾರೂ ಸಂಶಯ ಪಡದ ಒಬ್ಬ ಆರೋಪಿ ಇದೆ... ತಲೆಗೆ ಹಚ್ಚೋ ಎಣ್ಣೆ. ತಲೆತುಂಬ ಎಣ್ಣೆ ಸುರಿದು, ಬಾಚಿ, ಅದು ಹಣೆಗಿಳಿದರೆ ಹಣೆಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳ ಸಾಲು. ಅಮೆರಿಕದಲ್ಲಿ ತಲೆಗೆ ಜಿಡ್ಡಿನ ಪೊಮೇಡ್ ಹಚ್ಚುವವರಲ್ಲಿ ಇದನ್ನೇ ಕಂಡು 1970ರಲ್ಲಿ ಪೊಮೇಡ್ ಆಕ್ನೆ ಅಂತ ಹೆಸರಿಟ್ಟರು. ಎಣ್ಣೆ ಬಿಡಬೇಕಂತೇನಿಲ್ಲ, ಹಣೆಗೆ ಇಳಿಯದ ಹಾಗೆ ಹಚ್ಚಿ ತೊಳೆದುಕೊಂಡರೆ ಸಾಕು.

ಎರಡನೆಯದು ನೀರು. ನಮ್ಮ ಕಡೆ ನದಿಯಿಲ್ಲ, ಬೋರ್‌ವೆಲ್ಲೇ ಗತಿ. ಸಾವಿರ ಅಡಿ ದಾಟಿ ಕೊರೆದು ತೆಗೆದ ಗಡಸು ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪರೆ ಕಟ್ಟುತ್ತಲ್ಲ, ಅದೇ ನೀರಿನಲ್ಲಿ ಸೋಪು ಹಾಕಿ ಮುಖ ತೊಳೆದರೆ ಸೋಪಿನ ಜೊತೆ ಕ್ಯಾಲ್ಸಿಯಂ ಸೇರಿ ಒಂದು ಪದರ ಚರ್ಮದ ಮೇಲೇ ಉಳಿಯುತ್ತೆ. ಚರ್ಮ ಬಿಗಿಯುತ್ತೆ, ಕೆರೆಯುತ್ತೆ. ಮೊಡವೆಗೆ ಕಾರಣ ನೀರಲ್ಲ, ಆದರೆ ದಿನಕ್ಕೆ ಆರು ಸಲ ಸೋಪು ಹಾಕಿ ಉಜ್ಜೋ ಹುಡುಗನ ಮುಖ ಇನ್ನಷ್ಟು ರೊಚ್ಚಿಗೇಳೋದು ಖಂಡಿತ.

ಹಾಸ್ಟೆಲ್ಲಿನಲ್ಲಿ ಇನ್ನೂ ಘನವಾದ ಪ್ರಯೋಗಗಳನ್ನ ನೋಡಿದ್ದೇನೆ. ಒಬ್ಬ ರಾತ್ರಿ ಟೂತ್‌ಪೇಸ್ಟ್ ಹಚ್ಚಿ ಮಲಗ್ತಿದ್ದ, ಬೆಳಗ್ಗೆ ಮೊಡವೆ ಇದ್ದ ಕಡೆ ಸುಟ್ಟ ಕಲೆ. ಇನ್ನೊಬ್ಬ ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಕ್ರಿಕೆಟ್ ಆಡೋಕೆ ಹೋದ. ನಿಂಬೆರಸ ಚರ್ಮಕ್ಕಿಂತ ಎಷ್ಟೋ ಪಟ್ಟು ಹುಳಿ, ಅದರ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ, ಕಪ್ಪು ಕಲೆ ಬರಬಹುದು. ಬಂತು ಕೂಡ. ಮೂರು ತಿಂಗಳು ಅವನ ಮುಖದ ಮೇಲೆ ಭೂಪಟ.

ಇಷ್ಟೇ ಆಗಿದ್ದರೆ ನಗುತ್ತಾ ಮುಗಿಸಬಹುದಿತ್ತು. ನಾನು ಬರೆಯೋಕೆ ಕೂತ ಕಾರಣ ಬೇರೆ.

ನಮ್ಮ ಚಿಕ್ಕಪ್ಪನ ಮಗಳು. ಅವಳ ಹೆಸರು ಬೇಡ, ಪುಟ್ಟಿ ಅಂತಿಟ್ಟುಕೊಳ್ಳೋಣ. ಚಿಂತಾಮಣಿಯಲ್ಲಿ ಬಿಕಾಂ ಮುಗಿಸಿದ್ದಳು. ಚಿಕ್ಕಪ್ಪನದು ಟೊಮೇಟೊ, ಒಂದಿಷ್ಟು ಹಿಪ್ಪುನೇರಳೆ. ಮನೆಯಲ್ಲಿ ಗಂಡು ನೋಡೋಕೆ ಶುರು ಮಾಡಿದರು, ಕೆನ್ನೆ ಮೇಲೆ ಮೊಡವೆ. ಚಿಕ್ಕಮ್ಮನಿಗೆ ನಿದ್ದೆ ಇಲ್ಲ. ಯಾರೋ ಹೇಳಿದರು ಅಂತ ಮೆಡಿಕಲ್ ಸ್ಟೋರಿಗೆ ಹೋಗಿ "ಮುಖಕ್ಕೆ ಹಚ್ಚೋ ಕ್ರೀಮ್ ಕೊಡಿ" ಅಂದರು. ಚೀಟಿ ಕೇಳಲಿಲ್ಲ, ಏನು ತೊಂದರೆ ಅಂತಲೂ ಕೇಳಲಿಲ್ಲ. ಒಂದು ಸಣ್ಣ ಟ್ಯೂಬು ಕೊಟ್ಟರು.

ನಾಲ್ಕು ದಿನಕ್ಕೆ ಮೊಡವೆ ಕುಗ್ಗಿತು. ಎರಡು ವಾರಕ್ಕೆ ಪುಟ್ಟಿ ಬೆಳ್ಳಗಾದಳು. ಚಿಕ್ಕಮ್ಮ ಬೀದಿಗೆಲ್ಲಾ ಟ್ಯೂಬಿನ ಹೆಸರು ಹೇಳಿಕೊಂಡು ಬಂದರು. ನಾಲ್ಕು ಮನೆಗೆ ಅದೇ ಟ್ಯೂಬು ಬಂತು.

ಎಂಟು ತಿಂಗಳಾದ ಮೇಲೆ ನಾನು ಯುಗಾದಿಗೆ ಊರಿಗೆ ಹೋಗಿದ್ದೆ. ಪುಟ್ಟಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. ಮುಖ ಕೆಂಪಗೆ, ಹೊಳೀತಾ ಇತ್ತು. ಕೆನ್ನೆ ಮೇಲೆ ದಾರದಂಥ ಕೆಂಪು ನರಗಳು, ಗಲ್ಲದ ಸುತ್ತ ಒಂದೇ ಅಳತೆಯ ಗುಳ್ಳೆಗಳು, ಕೆನ್ನೆ ಪಕ್ಕ ಮೊದಲು ಇರದಿದ್ದ ನವಿರು ಕೂದಲು.

"ಅಣ್ಣ, ಒಲೆ ಮುಂದೆ ನಿಲ್ಲೋಕಾಗಲ್ಲ. ಬಿಸಿಲಿಗೆ ಹೋದರೆ ಮೆಣಸಿನಪುಡಿ ಎರಚಿದ ಹಾಗೆ. ಎರಡು ದಿನ ಕ್ರೀಮ್ ಬಿಟ್ಟರೆ ಇನ್ನೂ ಜಾಸ್ತಿ" ಅಂದಳು.

ಟ್ಯೂಬು ತರಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಮೂರು ಹೆಸರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟೀರಾಯ್ಡ್. ಪಕ್ಕದಲ್ಲಿ ಒಂದು ಕೆಂಪು ಗೆರೆ.

ಈ ಮೂರರ ಮಿಶ್ರಣಕ್ಕೆ ಒಂದು ಕಥೆ ಇದೆ. 1975ರಲ್ಲಿ ಅಮೆರಿಕದ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಸೇರಿಸಿ ಬಂಗಿನಂಥ ಕಪ್ಪು ಕಲೆಗಳಿಗೆ ಒಂದು ಔಷಧಿ ಮಾಡಿದರು. ಆ ಜಾತಿಯ ಮಿಶ್ರಣವನ್ನ ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ವಾರ ಬಳಸೋದು ಪದ್ಧತಿ. ನಮ್ಮ ದೇಶದಲ್ಲಿ ಸ್ಟೀರಾಯ್ಡ್ ಬದಲಾಯ್ತು, ಕೆಲವೇ ವಾರ ಅನ್ನೋದು ಅಳಿಸಿಹೋಯ್ತು, ಕಲೆಯ ಔಷಧಿ ಬೆಳ್ಳಗಾಗೋ ಕ್ರೀಮಾಯ್ತು. ಫೇರ್ ಅಂಡ್ ಲವ್ಲಿ ಬಂದದ್ದೂ 1975ರಲ್ಲೇ. ಅದು ಸೌಂದರ್ಯವರ್ಧಕ, ಈ ಜಾತಿಯ ಔಷಧಿಯಲ್ಲ. 2020ರಲ್ಲಿ ಅದರ ಹೆಸರಿನಿಂದ ಫೇರ್ ಹೋಗಿ ಗ್ಲೋ ಬಂತು. ಆದರೆ ಬೆಳ್ಳಗಾಗಬೇಕು ಅನ್ನೋ ಆಸೆಯ ಹೆಸರು ಬದಲಾಗಲಿಲ್ಲ.

ಸ್ಟೀರಾಯ್ಡ್ ಮಾಡೋದಿಷ್ಟು. ರಕ್ತನಾಳಗಳನ್ನ ಕುಗ್ಗಿಸುತ್ತೆ, ಹಾಗಾಗಿ ಮುಖ ಬೆಳ್ಳಗೆ ಕಾಣುತ್ತೆ. ದೇಹದ ಯುದ್ಧವನ್ನ ಅದುಮುತ್ತೆ, ಹಾಗಾಗಿ ಮೊಡವೆ ಕುಗ್ಗುತ್ತೆ. ಕೊಳವೆಯ ಕಟ್ಟು ಹಾಗೇ ಇರುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ನರ ಕಾಣುತ್ತೆ, ಸ್ಟೀರಾಯ್ಡೇ ತನ್ನದೊಂದು ಬಗೆಯ ಮೊಡವೆ ಎಬ್ಬಿಸುತ್ತೆ. ಬಿಟ್ಟರೆ ಅದುಮಿಟ್ಟ ಉರಿಯೆಲ್ಲಾ ಒಟ್ಟಿಗೆ ಏಳುತ್ತೆ, ತಡೆಯಲಾರದೆ ಮತ್ತೆ ಹಚ್ಚಬೇಕು. ಹೆಂಡದ ಚಟದ ಹಾಗೆ, ಆದರೆ ಕುಡಿಯೋದು ಚರ್ಮ. ಭಾರತದ ಚರ್ಮವೈದ್ಯರು ಈ ಸ್ಥಿತಿಗೆ ಹೆಸರೇ ಇಟ್ಟಿದ್ದಾರೆ: ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್. ಹೆಸರಿಡಬೇಕಾದಷ್ಟು ಜನ ಬರ್ತಿದ್ದರು ಅಂತ ಅರ್ಥ. ಅವರ ಸಂಘ ವರ್ಷಗಟ್ಟಲೆ ಒತ್ತಾಯ ಮಾಡಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಹಚ್ಚೋ ಸ್ಟೀರಾಯ್ಡುಗಳಲ್ಲಿ 14ನ್ನ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಕಾನೂನು ಇದೆ. ಟ್ಯೂಬೂ ಸಿಗುತ್ತೆ.

ಪುಟ್ಟಿಯನ್ನ ಒಂದು ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಮುಖ ನೋಡಿ ಕೇಳಿದ ಮೊದಲ ಮಾತು, "ಟ್ಯೂಬು ತಂದಿದ್ದೀಯಾಮ್ಮ?" ಬೈಯಲಿಲ್ಲ. ಹಂತಹಂತವಾಗಿ ಹೇಗೆ ಬಿಡಬೇಕು ಅಂತ ಬರೆದುಕೊಟ್ಟರು. ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಉರಿಗೆ ಒಂದು ಮುಲಾಮು, ಕೆಲವು ಮಾತ್ರೆ. "ಮೊದಲ ತಿಂಗಳು ಈಗಿಗಿಂತ ಕೆಟ್ಟದಾಗಿ ಕಾಣುತ್ತೆ. ಹೆದರಿ ಮತ್ತೆ ಅದನ್ನ ಮುಟ್ಟಬೇಡ" ಅಂದರು.

ಆ ಮೊದಲ ತಿಂಗಳಲ್ಲೇ ಒಂದು ಭಾನುವಾರ ಗಂಡಿನ ಕಡೆಯವರು ಬರೋದಿತ್ತು. ಮಾಲೂರು ಕಡೆಯ ಸಂಬಂಧ, ಹುಡುಗ ಸರ್ಕಾರಿ ನೌಕರಿ. ಶುಕ್ರವಾರ ರಾತ್ರಿ ಪುಟ್ಟಿ ಫೋನ್ ಮಾಡಿದಳು. ಅಮ್ಮ ಹೊಸ ಟ್ಯೂಬು ತಂದಿಟ್ಟಿದ್ದಾಳೆ, ಈ ಭಾನುವಾರಕ್ಕೆ ಮಾತ್ರ ಹಚ್ಚಿಕೋ, ಸೋಮವಾರದಿಂದ ಬಿಡು ಅಂತ ಅಳ್ತಿದ್ದಾಳೆ ಅಂದಳು. ಚಿಕ್ಕಮ್ಮನ ಮೇಲೆ ನನಗೆ ಕೋಪ ಬರಲಿಲ್ಲ. ಒಳ್ಳೆ ಸಂಬಂಧ ಕೈತಪ್ಪಿದರೆ ಊರು ಏನನ್ನುತ್ತೆ ಅನ್ನೋದನ್ನ ಅನುಭವಿಸೋದು ಅವರೇ ಹೊರತು, ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನಾನಲ್ಲ.

"ನೀನೇನು ಮಾಡ್ತೀಯಾ?" ಅಂದೆ.

"ಹಚ್ಚಲ್ಲ. ಮದುವೆಯಾದ ಮೇಲೆ ದಿನಾ ಹಚ್ಚಿಕೊಂಡು ಅಡುಗೆಮನೆಗೆ ಹೋಗಬೇಕಲ್ಲ ಅಣ್ಣ. ಅವಾಗ ನೋಡೋ ಬದಲು ಈಗಲೇ ನೋಡಲಿ."

ನೋಡಿದರು. ಹುಡುಗನ ತಾಯಿ "ಮುಖಕ್ಕೆ ಏನಾಯ್ತಮ್ಮ?" ಅಂದರಂತೆ. ಪುಟ್ಟಿ ಇದ್ದದ್ದನ್ನ ಇದ್ದ ಹಾಗೆ ಹೇಳಿದಳಂತೆ. ಉಪ್ಪಿಟ್ಟು ಕೇಸರಿಬಾತ್ ತಿಂದು, ತಿಳಿಸ್ತೀವಿ ಅಂದು ಹೋದವರು ತಿಳಿಸಲಿಲ್ಲ. ಈಗ ಆರೇಳು ತಿಂಗಳಾಗಿದೆ. ಉರಿ ಹೋಗಿದೆ, ಗುಳ್ಳೆ ಹೋಗಿದೆ, ಕೆನ್ನೆಯ ನರಗಳು ಇನ್ನೂ ಸ್ವಲ್ಪ ಕಾಣುತ್ತವೆ. ಚಿಂತಾಮಣಿಯಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೆ ಹೋಗ್ತಾಳೆ. ಚಿಕ್ಕಮ್ಮ ಟ್ಯೂಬು ತಗೊಂಡಿದ್ದ ನಾಲ್ಕು ಮನೆಗೂ ತಾವೇ ಹೋಗಿ ಬಿಡಿಸಿ ಹೇಳಿದ್ದಾರೆ. ಎರಡು ಮನೆಯವರು ಕೇಳಿದರು. ಎರಡು ಮನೆಯವರು, ನಮಗೇನೂ ಆಗಿಲ್ವಲ್ಲ ಅಂದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮೊಡವೆ ಇದ್ದರೆ, ನನಗೆ ತಿಳಿದಷ್ಟು ಹೇಳಿಬಿಡ್ತೀನಿ.

ದಿನಕ್ಕೆ ಎರಡೇ ಸಲ, ಸೌಮ್ಯವಾದ ಕ್ಲೆನ್ಸರಿನಿಂದ ಮುಖ ತೊಳೆಯಿರಿ, ಉಜ್ಜಬೇಡಿ. ಬೆನ್ಝಾಯಿಲ್ ಪೆರಾಕ್ಸೈಡ್ ಒಳ್ಳೆ ಔಷಧಿ. ಶೇಕಡಾ 2.5ರದ್ದೂ ಶೇಕಡಾ 10ರದ್ದೂ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡುತ್ತೆ, ಕಡಿಮೆಯದು ಕಡಿಮೆ ಉರಿಯುತ್ತೆ. ಆದರೆ ಅದು ಬಟ್ಟೆಯ ಬಣ್ಣ ತೆಗೆಯುತ್ತೆ, ದಿಂಬಿಗೆ ಬಿಳಿ ಕವರ್ ಹಾಕಿ ಮಲಗಿ. ಅಡಾಪಲೀನ್ ಜೆಲ್ ಆದರೆ ರಾತ್ರಿ ಹೊತ್ತು, ಬಟಾಣಿ ಕಾಳಿನಷ್ಟು, ಮೊಡವೆ ಮೇಲೆ ಮಾತ್ರ ಅಲ್ಲ, ಮುಖಕ್ಕೆಲ್ಲಾ ತೆಳ್ಳಗೆ. ಗರ್ಭಿಣಿಯರು ಹಚ್ಚಬಾರದು. ಆಂಟಿಬಯಾಟಿಕ್ ಮುಲಾಮನ್ನ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗುತ್ತೆ. ಇವನ್ನೆಲ್ಲಾ ಡಾಕ್ಟರನ್ನ ಕೇಳಿಯೇ ಶುರು ಮಾಡಿ, ಮೂರು ತಿಂಗಳು ಬಿಡದೆ ಮಾಡಿ.

ಮೊಡವೆ ಹೋದ ಮೇಲೆ ನಮ್ಮ ಬಣ್ಣದ ಚರ್ಮದಲ್ಲಿ ಕಂದು ಕಲೆ ತಿಂಗಳುಗಟ್ಟಲೆ ನಿಲ್ಲುತ್ತೆ. ಹಿಚುಕಿದರೆ ಇನ್ನೂ ಜಾಸ್ತಿ. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಶೋಕಿಯಲ್ಲ, ಕಲೆ ಗಟ್ಟಿಯಾಗದ ಹಾಗೆ ತಡೆಯೋ ಔಷಧಿ.

ಗಂಟು ಗಂಟಾಗಿ, ನೋವಾಗಿ, ಗುಳಿ ಬೀಳೋ ಮೊಡವೆ ಇದ್ದರೆ ಮನೆಮದ್ದಿನಲ್ಲಿ ಒಂದು ದಿನವೂ ಕಳೆಯಬೇಡಿ, ಗುಳಿ ಮತ್ತೆ ತುಂಬೋದು ಕಷ್ಟ. ಐಸೊಟ್ರೆಟಿನಾಯಿನ್ ಅನ್ನೋ ಮಾತ್ರೆ 1982ರಿಂದ ಇದೆ, ತುಂಬಾ ಜನರ ಮುಖ ಉಳಿಸಿದೆ. ಆದರೆ ಹೊಟ್ಟೆಯಲ್ಲಿರೋ ಮಗುವಿಗೆ ಅದು ಘೋರ ಹಾನಿ ಮಾಡುತ್ತೆ. ಹೆಣ್ಣುಮಕ್ಕಳು ಅದನ್ನ ತಗೊಳ್ಳುವಾಗಲೂ ನಿಲ್ಲಿಸಿ ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು. ಹುಡುಗಿಗೆ ಮೊಡವೆ ಜೊತೆ ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು ಇದ್ದರೆ ಹಾರ್ಮೋನಿನ ಪರೀಕ್ಷೆಯೂ ಆಗಬೇಕು.

ಇನ್ನು ಟ್ಯೂಬು. ಮುಖಕ್ಕೆ ಹಚ್ಚೋ ಯಾವುದನ್ನೇ ಆಗಲಿ ತಿರುಗಿಸಿ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಫ್ಲುಒಸಿನೊಲೋನ್ ಇವುಗಳಲ್ಲಿ ಒಂದು ಹೆಸರು ಕಂಡರೂ, ಕೆಂಪು ಗೆರೆ ಕಂಡರೂ, ಡಾಕ್ಟರು ಬರೆದುಕೊಡದಿದ್ದರೆ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಭಯಪಟ್ಟು ಬಿಸಾಕಬೇಡಿ, ಟ್ಯೂಬಿನ ಜೊತೆಗೇ ಡಾಕ್ಟರ ಹತ್ತಿರ ಹೋಗಿ.

ನಾಲ್ಕು ದಿನದಲ್ಲಿ ಮೊಡವೆ ಮಾಯ ಮಾಡೋ ಕ್ರೀಮ್ ಯಾರಾದರೂ ಕೊಟ್ಟರೆ, ಅದರಲ್ಲಿ ಏನಿದೆ ಅಂತ ಮೊದಲು ಕೇಳಿ. ಹನ್ನೆರಡು ವಾರ ಬೇಕು ಅನ್ನೋ ಡಾಕ್ಟರು ಸಿಕ್ಕರೆ, ಅವರನ್ನ ಬಿಡಬೇಡಿ.